ಇಪ್ಪತ್ತೆರಡು ಎತ್ತು ಎಳೆದ ಮನೆ



ಈ ವಾರ ಓದಲು ಕೂರುವ ಮೊದಲು ಒಂದು ಪುಟ್ಟ ಕೆಲಸ ಮಾಡಿ. ಅಂಗಳ ದೊಡ್ಡದಿದ್ದರೆ ಅಂಗಳದಲ್ಲಿ, ಇಲ್ಲದಿದ್ದರೆ ಶಾಲೆಯ ಮೈದಾನದಲ್ಲಿ ಒಂದು ಕಲ್ಲಿಡಿ. ಅಲ್ಲಿಂದ 20 ಅಡಿ ಅಳೆದು ಇನ್ನೊಂದು ಕಲ್ಲಿಡಿ. ಈಗ ಸ್ವಲ್ಪ ದೂರ ನಿಂತು ನೋಡಿ. ಒಂದು ಗಾಡಿಯ ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವೆ ಇಷ್ಟು ಅಗಲ! ಎತ್ತಿನ ಗಾಡಿ ಹೊಡೆದು ಗೊತ್ತಿರುವ ಅಜ್ಜಂದಿರು, “ಹೋಗಪ್ಪ, ಅಂಥ ಗಾಡಿ ಎಲ್ಲಾದರೂ ಉಂಟೇ?” ಎಂದು ನಕ್ಕಾರು. ಆದರೆ ಉಂಟು, ಅಂದರೆ ಇತ್ತು. ಅದನ್ನು ಕಣ್ಣಾರೆ ಕಂಡು, ಅಳೆದು, ಬರೆದಿಟ್ಟವನೂ ಒಬ್ಬನಿದ್ದ.

ಅವನ ಹೆಸರು ವಿಲಿಯಂ. ರುಬ್ರುಕ್ ಎಂಬ ಊರಿನವನು, ಕ್ರೈಸ್ತ ಸನ್ಯಾಸಿ. ಫ್ರಾನ್ಸಿನ ದೊರೆ 9ನೇ ಲೂಯಿಯ ಪತ್ರ ಹಿಡಿದುಕೊಂಡು 1253ರಲ್ಲಿ ಮಂಗೋಲರ ಸೀಮೆಗೆ ಹೊರಟ. ಎರಡು ವರ್ಷ ತಿರುಗಿ, 1255ರಲ್ಲಿ ಮರಳಿ, ಕಂಡದ್ದನ್ನೆಲ್ಲ ದೊರೆಗೆ ಬರೆದು ಕಳಿಸಿದ. ಅವನ ಬರವಣಿಗೆ ನನಗೆ ಬಹಳ ಇಷ್ಟ. ಏಕೆಂದರೆ ಅವನಿಗೆ ಎಲ್ಲದರಲ್ಲೂ ಕುತೂಹಲ. ಗಾಡಿ ಕಂಡರೆ ಅಳೆಯುತ್ತಾನೆ, ಎತ್ತು ಕಂಡರೆ ಎಣಿಸುತ್ತಾನೆ. ತನ್ನದು ಭಾರಿ ಮೈ, ಅದಕ್ಕೇ ದಾರಿಯುದ್ದಕ್ಕೂ ಗಟ್ಟಿಮುಟ್ಟಾದ ಕುದುರೆಯನ್ನೇ ಕೊಡುತ್ತಿದ್ದರು ಎನ್ನುವುದನ್ನೂ ಮುಚ್ಚಿಡದೆ ಬರೆಯುತ್ತಾನೆ.

ಆ ದೊಡ್ಡ ಗಾಡಿಯ ಮೇಲೆ ಏನಿತ್ತು? ಒಂದು ಇಡೀ ಮನೆ! ಮನೆ ಗಾಡಿಯ ಎರಡೂ ಬದಿಗೆ ಐದೈದು ಅಡಿ ಹೊರಚಾಚಿತ್ತು. ಮುಂದೆ ಸಾಲಾಗಿ 11 ಎತ್ತು, ಅವುಗಳ ಮುಂದೆ ಇನ್ನೂ 11 ಎತ್ತು, ಒಟ್ಟು 22. ಗಾಡಿಯ ಅಚ್ಚು ಹಡಗಿನ ಪಟಸ್ತಂಭದಷ್ಟು ದಪ್ಪ. ಗಾಡಿ ಹೊಡೆಯುವವನು ನಿಂತಿದ್ದದ್ದು ಮನೆಯ ಬಾಗಿಲಿನಲ್ಲಿ. ಮನೆಯ ಬಾಗಿಲಲ್ಲಿ ನಿಂತು ಮನೆಯನ್ನೇ ಹೊಡೆದುಕೊಂಡು ಹೋಗುವುದು ಹೇಗಿದ್ದೀತು, ಒಮ್ಮೆ ಕಣ್ಣುಮುಚ್ಚಿ ನೆನೆದುಕೊಳ್ಳಿ.

ಉಣ್ಣೆಯ ಮನೆ

ಅದು ಕಲ್ಲು ಮಣ್ಣಿನ ಮನೆಯಲ್ಲ. ಮಂಗೋಲರು ಅದನ್ನು ಗೆರ್ ಎನ್ನುತ್ತಾರೆ, ಹೊರಗಿನವರು ಯುರ್ಟ್ ಎನ್ನುತ್ತಾರೆ. ಮರದ ಪಟ್ಟಿಗಳನ್ನು ಹೆಣೆದು ಮಾಡಿದ ದುಂಡನೆಯ ಗೋಡೆ. ಅದನ್ನು ಹಿಗ್ಗಿಸಬಹುದು, ಮಡಚಬಹುದು. ನೆತ್ತಿಯಲ್ಲಿ ಮರದ ಒಂದು ಬಳೆ. ಗೋಡೆಯಿಂದ ಆ ಬಳೆಗೆ ಕೊಡೆಯ ಕಡ್ಡಿಗಳಂತೆ ಗಳುಗಳು. ಮೇಲೆ ಹೊದಿಸುವುದು ಉಣ್ಣೆಯ ದಪ್ಪ ಹಾಸು. ನಮ್ಮ ಕಂಬಳಿಯಂತೆ ನೂಲು ತೆಗೆದು ನೇಯ್ದದ್ದಲ್ಲ. ಕುರಿಯ ಉಣ್ಣೆಯನ್ನು ಬಡಿದು, ಹರಡಿ, ನೀರು ಚಿಮುಕಿಸಿ, ಸುತ್ತಿ, ಉರುಳಿಸಿ ಉರುಳಿಸಿ ಗಟ್ಟಿ ಮಾಡಿದ್ದು. ಗಾಳಿ ನುಗ್ಗದು, ಹಿಮ ಇಳಿಯದು. ನೆತ್ತಿಯ ಬಳೆಯಿಂದ ಒಲೆಯ ಹೊಗೆ ಹೊರಗೆ ಹೋಗುತ್ತದೆ, ಬಿಸಿಲು ಒಳಗೆ ಬರುತ್ತದೆ. ಕಿರ್ಗಿಜ್‌ಸ್ತಾನದ ಬಾವುಟವನ್ನು ಒಮ್ಮೆ ನೋಡಿ. ಕೆಂಪು ಬಟ್ಟೆಯ ನಡುವಿನ ಸೂರ್ಯನೊಳಗೆ ಅಡ್ಡಗೆರೆಗಳ ಒಂದು ವೃತ್ತವಿದೆಯಲ್ಲ, ಅದೇ ಈ ಬಳೆ. ತಮ್ಮ ಮನೆಯ ಮಾಡನ್ನೇ ಬಾವುಟದ ಮೇಲೆ ಇಟ್ಟುಕೊಂಡ ಜನ ಅವರು.

ಸಾಮಾನ್ಯರ ಗೆರ್‌ಗಳನ್ನು ಬಿಚ್ಚಿ, ಮಡಚಿ, ಪ್ರಾಣಿಗಳ ಮೇಲೋ ಗಾಡಿಯ ಮೇಲೋ ಹೇರಿ ಒಯ್ಯುತ್ತಿದ್ದರು. ದೊಡ್ಡವರ ಮನೆಗಳು ಮಾತ್ರ ಬಿಚ್ಚದೆ, ಇದ್ದ ಹಾಗೇ ಗಾಡಿ ಏರುತ್ತಿದ್ದವು. ಮನೆ ಕಟ್ಟುವುದು, ಇಳಿಸುವುದು, ಗಾಡಿ ಹೊಡೆಯುವುದು, ಹಸು ಕರೆಯುವುದು, ಬೆಣ್ಣೆ ತೆಗೆಯುವುದು ಹೆಂಗಸರ ಕೆಲಸ. ಬಿಲ್ಲು ಬಾಣ, ಗಾಡಿ, ಮನೆಯ ಮರಗೆಲಸ, ಕುದುರೆಗಳ ಪಾಲನೆ ಗಂಡಸರದು. ಕುರಿ ಮೇಕೆ ಕಾಯುವುದು ಇಬ್ಬರದೂ. ಗಾಡಿಗಳನ್ನು ಒಂದರ ಹಿಂದೆ ಒಂದು ಕಟ್ಟಿ, ಒಬ್ಬಳೇ ಹೆಂಗಸು 20-30 ಗಾಡಿಗಳನ್ನು ನಡೆಸಿಕೊಂಡು ಹೋಗುವುದನ್ನು ರುಬ್ರುಕ್ ಬರೆದಿದ್ದಾನೆ.

ಅಜ್ಜಿಯರಿಗೆ ಇಷ್ಟವಾಗುವ ಒಂದು ಸಂಗತಿ ಹೇಳುತ್ತೇನೆ. ಆ ಮನೆಯ ಹೊಸ್ತಿಲನ್ನು ತುಳಿಯುವ ಹಾಗಿರಲಿಲ್ಲ! ರುಬ್ರುಕ್ ಜೊತೆ ಬಂದಿದ್ದ ಇನ್ನೊಬ್ಬ ಸನ್ಯಾಸಿ, ಚಕ್ರವರ್ತಿ ಮೊಂಗ್ಕೆ ಖಾನನ ಬಿಡಾರದಿಂದ ಹೊರಗೆ ಬರುವಾಗ ಹೊಸ್ತಿಲನ್ನು ಎಡವಿಬಿಟ್ಟ. ಕಾವಲುಗಾರರು ಕೂಡಲೇ ಹಿಡಿದುಕೊಂಡರು, ವಿಚಾರಣೆಯೇ ನಡೆಯಿತು. ಈ ಕಟ್ಟಳೆಯನ್ನು ತಮಗೆ ಯಾರೂ ಹೇಳಿರಲಿಲ್ಲ ಎಂದದ್ದಕ್ಕೆ ಬಿಟ್ಟರು. ಆದರೆ ಆಮೇಲೆ ಅವನಿಗೆ ಖಾನನ ಯಾವ ಬಿಡಾರಕ್ಕೂ ಪ್ರವೇಶ ಸಿಗಲಿಲ್ಲ. “ಹೊಸ್ತಿಲು ತುಳೀಬೇಡ್ವೋ” ಎಂದು ಅಜ್ಜಿ ಗದರಿದಾಗ ಇದನ್ನು ನೆನಪಿಸಿಕೊಳ್ಳಿ.

ಓರ್ದು ಎಂದರೆ ಏನು?

ಆಗ ವೋಲ್ಗಾ ನದಿಯ ಬಯಲನ್ನು ಆಳುತ್ತಿದ್ದವನು ಬಾತು ಖಾನ್, ಚಂಗೀಸ್ ಖಾನನ ಮೊಮ್ಮಗ. ಅವನ ಬಿಡಾರವನ್ನು ದೂರದಿಂದ ಕಂಡಾಗ ರುಬ್ರುಕ್‌ಗೆ ದಿಗಿಲಾಯಿತಂತೆ. ಕಣ್ಣು ಹಾಯುವಷ್ಟು ದೂರ ಮನೆಗಳು, ಉದ್ದಕ್ಕೆ ಚಾಚಿದ ಒಂದು ಮಹಾನಗರದ ಹಾಗೆ. ಆದರೆ ಆ ನಗರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಜನವರಿಯಿಂದ ನದಿಯ ದಂಡೆ ಹಿಡಿದು ತಂಪಾದ ಉತ್ತರಕ್ಕೆ ಏರುವುದು, ಆಗಸ್ಟ್ ಬಂತೆಂದರೆ ದಕ್ಷಿಣಕ್ಕೆ ಇಳಿಯುವುದು. ಹಾಗೆಂದು ಕಂಡ ಕಂಡಲ್ಲಿ ಗೂಟ ಹೊಡೆಯುವಂತಿರಲಿಲ್ಲ. ಖಾನನ ಮನೆ ನಡುವೆ, ಉಳಿದವರು ಎಡಕ್ಕೆ ಬಲಕ್ಕೆ. ಎಲ್ಲ ಮನೆಗಳ ಬಾಗಿಲೂ ದಕ್ಷಿಣಕ್ಕೆ. ಖಾನನ ಬಾಗಿಲಿಗೆ ಎದುರಾಗಿ ಯಾರೂ ಮನೆ ಹಾಕಬಾರದು. ಬಿಚ್ಚಿ ಹೊರಟ ಊರು ಮುಂದಿನ ತಾಣದಲ್ಲಿ ಮತ್ತೆ ಅದೇ ಕ್ರಮದಲ್ಲಿ ಎದ್ದು ನಿಲ್ಲುತ್ತಿತ್ತು.

ಈ ಚಲಿಸುವ ರಾಜಧಾನಿಯ ಹೆಸರು ಓರ್ದು, ಅಥವಾ ಓರ್ದಾ. ತುರ್ಕಿ ಮಂಗೋಲ್ ಭಾಷೆಗಳಲ್ಲಿ ಅದಕ್ಕೆ ಅರಸನ ಬಿಡಾರ, ಅರಮನೆ ಎಂದು ಅರ್ಥ. ಇಂದಿಗೂ ಕಜಾಕ್‌ಸ್ತಾನದ ರಾಷ್ಟ್ರಪತಿ ಭವನದ ಹೆಸರು ಅಕ್ ಓರ್ದಾ, ಅಂದರೆ ಬಿಳಿಯ ಓರ್ದಾ. ಆದರೆ ಇದೇ ಪದ ಪೋಲೆಂಡಿನ ದಾರಿಯಾಗಿ ಪಶ್ಚಿಮಕ್ಕೆ ಹೋದಾಗ ಮೊದಲಿಗೆ ಒಂದು ‘ಹ’ಕಾರ ಸೇರಿಕೊಂಡು ಹೋರ್ಡ್ ಆಯಿತು. ಅರ್ಥವೂ ಕೆಟ್ಟಿತು. ಇಂಗ್ಲಿಷಿನಲ್ಲಿ ಹೋರ್ಡ್ ಎಂದರೆ ಹಿಡಿತವಿಲ್ಲದೆ ನುಗ್ಗುವ ಗುಂಪು.

ನಮ್ಮಲ್ಲೂ ಇಂಥದೇ ಒಂದು ಪದವಿದೆ. ತೋಟಕ್ಕೆ ಮಂಗಗಳು ನುಗ್ಗಿದರೆ ‘ಮಂಗಗಳ ದಂಡು’ ಎನ್ನುತ್ತೇವೆ. ಆದರೆ ಹಳಬರು ಬೆಂಗಳೂರಿನ ಕಂಟೋನ್ಮೆಂಟನ್ನು ಕರೆಯುತ್ತಿದ್ದದ್ದೂ ದಂಡು ಎಂದೇ. ಅದು ಸಾಲು ಸಾಲಾಗಿ, ಶಿಸ್ತಾಗಿ ಕಟ್ಟಿದ ಸೈನ್ಯದ ನೆಲೆ. ಮನೆ ಸುಟ್ಟುಹೋಗುವಾಗ ಕಂಡವರಿಗೆ ಓರ್ದು ಎಂದರೆ ನುಗ್ಗುವ ಗುಂಪು. ಒಳಗೆ ಹುಟ್ಟಿದ ಮಗುವಿಗೆ ಅದೇ ಊರು, ಅದೇ ಮನೆ. ನಮಗೆ ಬಂದ ಕಥೆಗಳಲ್ಲಿ ಹೆಚ್ಚಿನವು ಹೊರಗಿನಿಂದ ಕಂಡವರು ಬರೆದದ್ದು.

ಊರು ಏಕೆ ನಡೆಯಿತು?

ಹುಲ್ಲಿಗಾಗಿ. ಕುದುರೆ, ದನ, ಒಂಟೆ, ಕುರಿ, ಮೇಕೆ ಈ ಐದು ಬಗೆಯ ಪ್ರಾಣಿಗಳೇ ಅವರ ಬದುಕು. ಹಾಲು, ಮಾಂಸ, ಉಣ್ಣೆ, ಚರ್ಮ, ಉರುವಲಿಗೆ ಒಣಗಿದ ಸಗಣಿ, ಎಲ್ಲವೂ ಅವುಗಳಿಂದಲೇ. ಆ ಬಯಲಿನಲ್ಲಿ ಮಳೆ ಕಡಿಮೆ, ಚಳಿ ಭೀಕರ. ಒಂದೇ ಕಡೆ ಕೂತರೆ ಹುಲ್ಲು ಮುಗಿಯುತ್ತದೆ, ನೆಲ ಸಾಯುತ್ತದೆ. ಹಾಗಾಗಿ ಹೊರಡುವುದು, ಮರುವರ್ಷ ಹುಲ್ಲು ಚಿಗುರಿದಾಗ ಮರಳುವುದು. ಯಾವ ಕುಟುಂಬ ಎಲ್ಲಿ ಮೇಯಿಸಬೇಕು ಎಂಬುದಕ್ಕೆ ಕಟ್ಟಳೆಯಿತ್ತು. ಅಲೆಮಾರಿ ಎಂದರೆ ದಿಕ್ಕಿಲ್ಲದವನಲ್ಲ ಮಕ್ಕಳೇ, ದಾರಿ ಚೆನ್ನಾಗಿ ಗೊತ್ತಿರುವವನು.

ಎಷ್ಟು ಗೊತ್ತಿದ್ದರೂ ಕೆಲವು ಚಳಿಗಾಲ ಸೋಲಿಸಿಬಿಡುತ್ತವೆ. ಹಿಮ ಗಟ್ಟಿಯಾಗಿ ಕಟ್ಟಿಕೊಂಡು, ಕೆಳಗಿರುವ ಹುಲ್ಲಿಗೆ ಬಾಯಿ ಎಟುಕದೆ ಪ್ರಾಣಿಗಳು ನಿಂತಲ್ಲೇ ಸಾಯುತ್ತವೆ. ಮಂಗೋಲರು ಇದನ್ನು ಜುದ್ ಎನ್ನುತ್ತಾರೆ. ಇದು ಹಳೆಯ ಕಾಲದ ಕಥೆ ಮಾತ್ರವಲ್ಲ. 2023-24ರ ಚಳಿಗಾಲದಲ್ಲಿ ಮಂಗೋಲಿಯಾದಲ್ಲಿ 70 ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಕುರಿ ಹೋದರೆ ಮನೆ ಹೋದಂತೆ. ಎಷ್ಟೋ ಕುಟುಂಬಗಳು ಗೆರ್ ಕಟ್ಟಿಕೊಂಡು ರಾಜಧಾನಿ ಉಲಾನ್‌ಬಾತರದ ಅಂಚಿಗೆ ಬಂದು ನೆಲೆಸಿವೆ. ಅಲ್ಲಿ ಇಳಿಸಿದ ಗೆರ್ ಮತ್ತೆ ಬಯಲಿಗೆ ಹೊರಡುವುದು ಅಪರೂಪ.

ತಾಯಿ ಮತ್ತು ಬಾಣದ ಕಟ್ಟು

ಮಂಗೋಲರು ತಾವೇ ಬರೆದುಕೊಂಡ ಒಂದು ಪುಸ್ತಕವಿದೆ. ಹೆಸರು ‘ಮಂಗೋಲರ ರಹಸ್ಯ ಇತಿಹಾಸ’, 13ನೇ ಶತಮಾನದ್ದು. ಅದರ ಆರಂಭದ ಪುಟಗಳಲ್ಲೇ ಆಲಾನ್ ಕೋವಾ ಎಂಬ ಮೂಲಜ್ಜಿಯ ಕಥೆ ಬರುತ್ತದೆ. ಜಗಳವಾಡುವ ಐವರು ಮಕ್ಕಳಿಗೆ ಅವಳು ಒಂದೊಂದು ಬಾಣ ಕೊಟ್ಟು ಮುರಿಯಲು ಹೇಳಿದಳು. ಮುರಿದರು. ಐದನ್ನೂ ಸೇರಿಸಿ ಕಟ್ಟಿ ಕೊಟ್ಟಳು. ಯಾರಿಂದಲೂ ಆಗಲಿಲ್ಲ. “ಅರೆ, ಇದು ನಮ್ಮ ಕಟ್ಟಿಗೆಯ ಕಟ್ಟಿನ ಕಥೆ!” ಎಂದಿರಾ? ಒಳ್ಳೆಯ ಕಥೆಗಳಿಗೂ ಒಂದೇ ಊರು ಸಾಲದು.

ಅದೇ ಪುಸ್ತಕದಲ್ಲಿ ತೆಮುಜಿನ್ ಎಂಬ ಹುಡುಗನಿದ್ದಾನೆ. ಅವನಿಗೆ ಸುಮಾರು ಒಂಬತ್ತು ವರ್ಷವಾಗಿದ್ದಾಗ ತಂದೆ ಯೆಸುಗೈಗೆ ಶತ್ರುಗಳು ವಿಷವಿಕ್ಕಿ ಕೊಂದರು. ತಂದೆ ಹೋದ ಮೇಲೆ ಕುಲದವರು ದನಕರುಗಳನ್ನು ಅಟ್ಟಿಕೊಂಡು ಹೊರಟೇಬಿಟ್ಟರು. ನಡೆಯುವ ಊರು ನಿಮ್ಮನ್ನು ಬಿಟ್ಟು ನಡೆದರೆ ಉಳಿಯುವುದು ಬರೀ ಬಯಲು. ತಾಯಿ ಹೊಎಲುನ್ ಎದೆಗೆಡಲಿಲ್ಲ. ಕಾಡುಹಣ್ಣು ಆಯ್ದಳು, ಕೋಲಿನಿಂದ ಗೆಡ್ಡೆ ಅಗೆದಳು, ಮಕ್ಕಳನ್ನು ಸಾಕಿದಳು. ಹಸಿವಿನ ಆ ದಿನಗಳಲ್ಲಿ, ಹಿಡಿದ ಒಂದು ಮೀನು ಮತ್ತು ಒಂದು ಹಕ್ಕಿಗಾಗಿ ಎದ್ದ ಜಗಳದಲ್ಲಿ, ತೆಮುಜಿನ್ ತನ್ನ ಮಲಸಹೋದರನನ್ನೇ ಕೊಂದ. ತಾಯಿ ಅವನನ್ನು ಬೈದ ಬೈಗುಳವನ್ನೂ ಪುಸ್ತಕ ದಾಖಲಿಸಿದೆ. ತಮ್ಮ ಮಹಾರಾಜನ ಈ ಕೃತ್ಯವನ್ನು ಅವರು ಮುಚ್ಚಿಡಲಿಲ್ಲ ಎಂಬುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

1206ರಲ್ಲಿ ಓನೋನ್ ನದಿಯ ಬಳಿ ಸೇರಿದ ಮಹಾಸಭೆ ಈ ತೆಮುಜಿನ್‌ನನ್ನು ಚಂಗೀಸ್ ಖಾನ್ ಎಂದು ಸಾರಿತು. ಆಗ ನಮ್ಮ ದ್ವಾರಸಮುದ್ರದಲ್ಲಿ ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಆಳುತ್ತಿದ್ದ. ಚಂಗೀಸ್ ಮಾಡಿದ ದೊಡ್ಡ ಕೆಲಸ ಒಂದು ಲೆಕ್ಕ. ಹತ್ತು ಜನರ ಗುಂಪು, ಅಂಥ ಹತ್ತು ಸೇರಿ ನೂರು, ಹತ್ತು ನೂರು ಸೇರಿ ಸಾವಿರ, ಹತ್ತು ಸಾವಿರದ ಪಡೆಗೆ ತುಮೆನ್ ಎಂದು ಹೆಸರು. ಬೇರೆ ಬೇರೆ ಕುಲದವರನ್ನು ಕಲಸಿ ಈ ಗುಂಪುಗಳಲ್ಲಿ ಹಾಕಿದ. ಕುಲ ಯಾವುದೆಂದು ಕೇಳುವುದಕ್ಕಿಂತ ಯಾವ ಸಾವಿರದವನು ಎಂದು ಕೇಳುವುದು ಮುಖ್ಯವಾಯಿತು. ತನ್ನನ್ನು ಬಿಟ್ಟುಹೋದ ಕುಲಗಳನ್ನು ಅವನು ಬಾಣದ ಕಟ್ಟಿನಂತೆ ಕಟ್ಟಿದ.

ಕಟ್ಟಿದ್ದರ ಬೆಲೆ

ಇಲ್ಲಿಗೆ ನಿಲ್ಲಿಸಿದರೆ ಅದು ಅರ್ಧ ಸತ್ಯ. ಆ ಬಾಣದ ಕಟ್ಟು ಎಲ್ಲಿಗೆ ಹೋಯಿತು ಎಂಬುದನ್ನೂ ಹೇಳಬೇಕು. 1221ರಲ್ಲಿ ಮರ್ವ್, ನಿಶಾಪುರದಂಥ ಪಟ್ಟಣಗಳು ನಾಶವಾದವು. 1240ರಲ್ಲಿ ಕೀವ್, 1258ರಲ್ಲಿ ಬಾಗ್ದಾದ್. ಸತ್ತವರು ಅಸಂಖ್ಯ. ಕುಶಲಕರ್ಮಿಗಳನ್ನು ಮಾತ್ರ ಕೊಲ್ಲದೆ ಸೆರೆ ಹಿಡಿದು ಒಯ್ಯುತ್ತಿದ್ದರು.

ಅಂಥ ಇಬ್ಬರನ್ನು ರುಬ್ರುಕ್ 1254ರಲ್ಲಿ ಕಂಡ. ಒಬ್ಬ ಪ್ಯಾರಿಸ್ಸಿನ ಅಕ್ಕಸಾಲಿ ಗಿಯೋಂ ಬೂಶೆ. ಕಾರಾಕೋರಂ ಪಟ್ಟಣದಲ್ಲಿ ಖಾನನಿಗಾಗಿ ಒಂದು ಬೆಳ್ಳಿಯ ಮರ ಮಾಡಿದ್ದ. ಬುಡದಲ್ಲಿ ನಾಲ್ಕು ಬೆಳ್ಳಿ ಸಿಂಹಗಳು, ಅವುಗಳ ಬಾಯಿಂದ ಕುದುರೆಯ ಹಾಲು. ಮೇಲಿನ ನಾಲ್ಕು ಕೊಳವೆಗಳಿಂದ ನಾಲ್ಕು ಬಗೆಯ ಪಾನೀಯ. ತುದಿಯಲ್ಲಿ ಕಹಳೆ ಹಿಡಿದ ದೇವದೂತ. ಕಹಳೆ ತಾನಾಗಿ ಊದಲೆಂದು ಮೊದಲು ಒಳಗೆ ತಿದಿ ಇಟ್ಟಿದ್ದ, ಗಾಳಿ ಸಾಲಲಿಲ್ಲ. ಕೊನೆಗೆ ಕೆಳಗಿನ ಗುಳಿಯಲ್ಲಿ ಒಬ್ಬ ಮನುಷ್ಯನನ್ನೇ ಬಚ್ಚಿಟ್ಟು ಊದಿಸಿದರು! ಸಭೆಯಲ್ಲಿದ್ದವರಿಗೆ ದೇವದೂತ ಊದಿದಂತೆ. ನಾನು ಮಾತ್ರ ಆ ಗುಳಿಯೊಳಗೆ ಕೂತು ಕಾಯುತ್ತಿದ್ದ ಮನುಷ್ಯನ ಬಗ್ಗೆಯೇ ಯೋಚಿಸುತ್ತೇನೆ.

ಇನ್ನೊಬ್ಬಳು ಪಾಕೆಟ್ ಎಂಬ ಹೆಂಗಸು, ಮೆಟ್ಸ್ ಎಂಬ ಊರಿನವಳು. ಹಂಗೇರಿಯಲ್ಲಿ ಸೆರೆಯಾಗಿ ಸಾವಿರಾರು ಮೈಲಿ ದಾಟಿ ಬಂದಿದ್ದಳು. ದಾರಿಯಲ್ಲಿ ಪಟ್ಟ ಬಡತನ, ಕಷ್ಟಗಳನ್ನು ಹೇಳಿಕೊಂಡಳು. ಈಗ ಮನೆ ಕಟ್ಟುವ ಕೆಲಸ ಬಲ್ಲ ರಷ್ಯದ ಯುವಕನನ್ನು ಮದುವೆಯಾಗಿದ್ದಳು, ಮೂವರು ಪುಟ್ಟ ಮಕ್ಕಳಿದ್ದರು. ತನ್ನ ಸೀಮೆಯ ಮಾತಾಡುವ ಸನ್ಯಾಸಿಗಳು ಬಂದಿದ್ದಾರೆಂದು ಹುಡುಕಿ ಬಂದು, ಕರೆದು, ಇದ್ದದ್ದರಲ್ಲಿ ಉಣಬಡಿಸಿದಳು. ಅವಳು ಮತ್ತೆ ಊರು ಕಂಡಳೆಂದು ರುಬ್ರುಕ್ ಬರೆದಿಲ್ಲ. ಸಾಮ್ರಾಜ್ಯ ಎಷ್ಟು ದೊಡ್ಡದಿತ್ತು ಎಂದು ಪರೀಕ್ಷೆಯಲ್ಲಿ ಕೇಳುತ್ತಾರೆ. ಅದಕ್ಕೆ ಉತ್ತರ ಬರೆಯುವಾಗ ಪಾಕೆಟ್ ನಿಮ್ಮ ನೆನಪಿನಲ್ಲಿರಲಿ.

ಮುಂದೇನಾಯಿತು? ಮೊಮ್ಮಕ್ಕಳು ಬಾಣದ ಕಥೆ ಮರೆತರು. ಬಾತುವಿನ ತಮ್ಮ ಬೆರ್ಕೆಯೂ ಬಾಗ್ದಾದ್ ಗೆದ್ದ ಹುಲಾಗುವೂ ಅಣ್ಣತಮ್ಮಂದಿರ ಮಕ್ಕಳು. 1262ರಲ್ಲಿ ಪರಸ್ಪರ ಯುದ್ಧಕ್ಕೆ ನಿಂತರು. ಕಟ್ಟು ಬಿಚ್ಚಿತು. ಬಾತುವಿನ ರಾಜ್ಯ ‘ಸುವರ್ಣ ಓರ್ದಾ’ ಎಂದು ಹೆಸರಾಯಿತು. ಅಲ್ಲಿ ಮಂಗೋಲರು ಕೆಲವರೇ, ಕಿಪ್ಚಾಕ್ ತುರ್ಕರು ಬಹಳ. ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಗೆದ್ದವರು ಸೋತವರ ತುರ್ಕಿ ಮಾತನ್ನೇ ಆಡತೊಡಗಿದರು.

ನಮ್ಮ ನಾಲಿಗೆಯ ಮೇಲೆ

ಚಂಗೀಸನ ಕುದುರೆಗಳು ಸಿಂಧೂ ನದಿಯ ತನಕ ಬಂದವು. ಕನ್ನಡ ನಾಡಿಗೆ ಬರಲಿಲ್ಲ. ಆದರೆ ಪದಗಳಿಗೆ ಕುದುರೆ ಬೇಕಿಲ್ಲವಲ್ಲ.

ತೆಮುಜಿನ್‌ನ ತಂದೆಯ ಬಿರುದು ‘ಬಾತರ್’, ಅಂದರೆ ವೀರ. ಉಲಾನ್‌ಬಾತರ್ ಎಂದರೆ ಕೆಂಪು ವೀರ. ಇದೇ ಪದ ಪಾರಸಿಯಲ್ಲಿ ಬಹಾದುರ್ ಆಗಿ, ಮೈಸೂರು ಮಹಾರಾಜರ ಬಿರುದುಗಳಲ್ಲಿ ‘ಬಹದ್ದೂರ್’ ಆಗಿ, ಲಾಲ್ ಬಹದ್ದೂರ್ ಶಾಸ್ತ್ರಿಗಳ ಹೆಸರಿನಲ್ಲಿ ಕೂತಿದೆ. “ಭಾರಿ ಬಹದ್ದೂರ್ ಕಣೋ ನೀನು” ಎಂದು ತಾತ ಬೆನ್ನು ತಟ್ಟಿದಾಗ ಮಂಗೋಲಿಯಾದ ಹುಲ್ಲುಗಾವಲಿನ ಮಾತನ್ನೇ ಆಡಿದಂತೆ. ನಿಮ್ಮ ತರಗತಿಯ ಸಂಘದಲ್ಲಿ ಖಜಾಂಚಿ ಇದ್ದಾರೆಯೇ? ‘ಖಜಾನೆ’ ಅರಬ್ಬಿಯದು. ಕೊನೆಯ ‘ಚಿ’ ಮಾತ್ರ ತುರ್ಕಿಯದು, ಆ ಕೆಲಸ ಮಾಡುವವನು ಎಂದು ಅರ್ಥ. ಚಂಗೀಸನ ಬಿಡಾರದಲ್ಲಿ ಅಡುಗೆ ನೋಡಿಕೊಳ್ಳುವವನು ‘ಬಾವುರ್ಚಿ’. ಇಂದಿನ ಬಾವರ್ಚಿ ಅವನೇ. ವಿಜಯಪುರದ ಮಲಿಕ್-ಎ-ಮೈದಾನ್ ನೋಡಿ ‘ಎಷ್ಟು ದೊಡ್ಡ ತೋಪು!’ ಎನ್ನುತ್ತೇವಲ್ಲ, ಆ ತೋಪೂ ತುರ್ಕಿ ಪದವೇ.

ಕೊನೆಯದಾಗಿ ಓರ್ದು. ಬಾಬರನ ಮನೆಮಾತು ತುರ್ಕಿ. ಅವನು ತನ್ನ ಆತ್ಮಕಥೆ ಬರೆದದ್ದೂ ಅದರಲ್ಲೇ. ಅವನ ವಂಶದವರು ದಿಲ್ಲಿಯಲ್ಲಿ ನೆಲೆನಿಂತಾಗ ಅವರ ರಾಜಬಿಡಾರಕ್ಕೆ, ಆಮೇಲೆ ಆ ನಗರಕ್ಕೆ, ‘ಘನವಾದ ಉರ್ದು’ ಎಂಬ ಹೆಸರು ಬಂತು. ಅಲ್ಲಿನ ಬೀದಿಯಲ್ಲಿ ಬೆಳೆದ ಭಾಷೆಗೆ ಆ ಉರ್ದುವಿನ ಭಾಷೆ ಎಂದರು. ಹೇಳುತ್ತ ಹೇಳುತ್ತ ಉಳಿದೆಲ್ಲ ಮಾತು ಸವೆದು ‘ಉರ್ದು’ ಎಂಬುದಷ್ಟೇ ಉಳಿಯಿತು. ಇಂದು ಕರ್ನಾಟಕದಲ್ಲಿ ಕನ್ನಡದ ನಂತರ ಹೆಚ್ಚು ಜನರ ಮನೆಮಾತು ಅದೇ.

ಒಂದೇ ಪದ ಪಶ್ಚಿಮಕ್ಕೆ ಹೋಗಿ ನುಗ್ಗುವ ಗುಂಪಾಯಿತು, ದಕ್ಷಿಣಕ್ಕೆ ಬಂದು ಒಂದು ಭಾಷೆಯಾಯಿತು. ನಿಮ್ಮ ತರಗತಿಯಲ್ಲಿ ಉರ್ದು ಮಾತಾಡುವ ಗೆಳೆಯರಿದ್ದರೆ ನಾಳೆ ಕೇಳಿ: “ನಿನ್ನ ಭಾಷೆಯ ಹೆಸರಿಗೆ ಅರ್ಥ ಗೊತ್ತಾ?” ಗೊತ್ತಿಲ್ಲದಿದ್ದರೆ 22 ಎತ್ತು ಎಳೆದ ಮನೆಯ ಕಥೆ ಹೇಳಿ. ಹಾಗೆಯೇ ಅಜ್ಜ ಅಜ್ಜಿಯರ ಜೊತೆ ಕೂತು, ‘ಚಿ’ಯಲ್ಲಿ ಮುಗಿಯುವ, ಒಂದು ಕೆಲಸವನ್ನು ಮಾಡುವವರನ್ನು ಸೂಚಿಸುವ ಇನ್ನೆಷ್ಟು ಪದಗಳು ಸಿಗುತ್ತವೆ ನೋಡಿ. ಒಂದು ಸುಳಿವು ಕೊಡುತ್ತೇನೆ: ಹಾಡುಗಾರರ ಪಕ್ಕದಲ್ಲಿ ಕೂತು ತಬಲಾ ಬಾರಿಸುವವರನ್ನು ಏನೆನ್ನುತ್ತಾರೆ?